ಒಂದು ನೈಟ್‌ಗೌನ್‌ನ ಲೆಕ್ಕ: ರೋಡ್ ಹಿಲ್ ಪ್ರಕರಣ, 1860

ಈ ಪ್ರಕರಣವನ್ನು ಮೊದಲ ಸಲ ಓದುವಾಗ ಕೊಂದವರು ಯಾರು ಎಂಬ ಕುತೂಹಲವೇ ಮುಂದಿರುತ್ತದೆ. ಎರಡನೇ ಓದಿಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ: ಸರಿಯಾದ ವ್ಯಕ್ತಿಯನ್ನೇ ಗುರುತಿಸಿದ ಪತ್ತೇದಾರ ಸೋತದ್ದು ಹೇಗೆ?

ನಡೆದದ್ದು ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯಲ್ಲಿ. 1860ರ ಜೂನ್ 30ರ ಬೆಳಿಗ್ಗೆ ಸ್ಯಾಮ್ಯುಯೆಲ್ ಕೆಂಟ್ ಎಂಬ ಅಧಿಕಾರಿಯ ಮಗ, ಇನ್ನೂ ನಾಲ್ಕು ತುಂಬದ ಸ್ಯಾವಿಲ್, ಹಾಸಿಗೆಯಲ್ಲಿರಲಿಲ್ಲ. ಕತ್ತು ಕೊಯ್ದ ಶವ ಮನೆಯಾಚೆಯ ಕಕ್ಕಸಿನ ಗುಂಡಿಯಲ್ಲಿ ಸಿಕ್ಕಿತು. ಎರಡು ವಾರದ ನಂತರ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಜೊನಾಥನ್ ವಿಚರ್ ಬಂದರು. 1842ರಲ್ಲಿ ಆರಂಭವಾದ ಪತ್ತೇದಾರಿ ದಳದ ಮೊದಲ ಎಂಟು ಜನರಲ್ಲಿ ಒಬ್ಬರು, ತೋಟಗಾರನ ಮಗ. ಸ್ಥಳೀಯ ಪೊಲೀಸರಿಗೆ ಅವರು ಬಂದದ್ದೇ ಇಷ್ಟವಿರಲಿಲ್ಲ. ದೊಡ್ಡ ಮನೆತನದ ಒಳಕೋಣೆಗೆ ಇಂಥವನು ಕೈಹಾಕುವುದು ಜನರಿಗೂ ಸಹಿಸಲಿಲ್ಲ.

ವಿಚರ್ ಹಿಡಿದದ್ದು ಒಂದು ಬಟ್ಟೆಪಟ್ಟಿಯನ್ನು. ಸ್ಯಾವಿಲ್‌ನ ಮಲಅಕ್ಕ, 16 ವರ್ಷದ ಕಾನ್ಸ್ಟನ್ಸ್ ತಾನೇ ಬರೆದಿಟ್ಟಿದ್ದ ಆ ಪಟ್ಟಿಯ ಪ್ರಕಾರ ಆಕೆಯ ಹತ್ತಿರ ಮೂರು ನೈಟ್‌ಗೌನ್ ಇರಬೇಕಿತ್ತು, ಸಿಕ್ಕಿದ್ದು ಎರಡು. ಮೂರನೆಯದು ಒಗೆಯಲು ಹಾಕಿದ ಬಟ್ಟೆಯಲ್ಲಿ ಕಳೆದುಹೋಯಿತು ಎಂದಳು. ಇಲ್ಲಿ ನಿಧಾನವಾಗಿ ಓದಿ. ಕೊಲೆಯಾದ ಎರಡನೇ ದಿನ, ಸೋಮವಾರ, ಬಟ್ಟೆ ಬುಟ್ಟಿ ತುಂಬುತ್ತಿದ್ದ ಕೆಲಸದವಳನ್ನು ಆಕೆ ಒಂದು ಲೋಟ ನೀರು ತರಲು ಕಳಿಸಿದ್ದಳು. ವಿಚರ್ ತರ್ಕ: ರಕ್ತದ ಗೌನನ್ನು ಮೊದಲೇ ಬಚ್ಚಿಟ್ಟಿದ್ದಾಳೆ, ಅಗಸಗಿತ್ತಿಯ ಲೆಕ್ಕಕ್ಕೆ ಸೇರಿದ, ಕಲೆಯಿಲ್ಲದ ಗೌನೊಂದನ್ನು ಆ ಒಂದು ನಿಮಿಷದಲ್ಲಿ ಬುಟ್ಟಿಯಿಂದ ವಾಪಸ್ ಎತ್ತಿಕೊಂಡಿದ್ದಾಳೆ. ಈಗ ಲೆಕ್ಕ ತಪ್ಪಿದರೆ ಹೊಣೆ ಅಗಸಗಿತ್ತಿಯದು! ಅಂದರೆ ಕಾಣೆಯಾದಂತೆ ತೋರಿದ್ದು ಒಂದು, ನಿಜಕ್ಕೂ ಕಾಣೆಯಾದದ್ದು ಇನ್ನೊಂದು. ಇಡೀ ಪ್ರಕರಣದಲ್ಲಿ ನನಗೆ ಅತಿ ಮೆಚ್ಚುಗೆಯಾದ ತರ್ಕ ಇದು.

ಆದರೆ ತರ್ಕ ಸಾಕ್ಷ್ಯವಲ್ಲ. ಜುಲೈ 20ರಂದು ಆಕೆಯ ಬಂಧನವಾಯಿತು, 27ರಂದು 200 ಪೌಂಡ್ ಜಾಮೀನಿನ ಮೇಲೆ ಬಿಡುಗಡೆ. ಪತ್ರಿಕೆಗಳು ವಿಚರ್ ಮೇಲೆ ಮುಗಿಬಿದ್ದವು.

ಸ್ಥಳೀಯ ಪೊಲೀಸರ ನಡತೆಯನ್ನಂತೂ ನಾನು ಕ್ಷಮಿಸಲಾರೆ. ಕೊಲೆಯಾದ ದಿನವೇ ಅವರಿಗೆ ಅಡುಗೆಮನೆಯ ಬಾಯ್ಲರ್ ಒಲೆಯೊಳಗೆ ರಕ್ತದ ಕಲೆಯಿದ್ದ ಹೆಂಗಸಿನ ಒಳ ಅಂಗಿಯೊಂದು ಸಿಕ್ಕಿತ್ತು. ತೆಗೆಯಲು ಬಂದವರನ್ನು ಹಿಡಿಯೋಣವೆಂದು ಅಲ್ಲೇ ಬಿಟ್ಟರು. ಕಾವಲಿಗೆ ಬಂದ ಇಬ್ಬರು ಕಾನ್ಸ್ಟೇಬಲ್‌ಗಳನ್ನು ಕೆಂಟ್ ಅಡುಗೆಮನೆಯೊಳಗೇ ಬಿಟ್ಟು ಹೊರಗಿನಿಂದ ಅಗಳಿ ಹಾಕಿದರು. ಕೊನೆಗೆ ಅಂಗಿಯೂ ಮಾಯ. ಈ ಮುಜುಗರವನ್ನು ಅವರು ವಿಚರ್‌ಗೆ ಹೇಳಲೇ ಇಲ್ಲ; ಹೊರಬಿದ್ದದ್ದು ತಿಂಗಳುಗಳ ನಂತರ. ಅಂಗಿ ಯಾರದೆಂದು ಇತ್ಯರ್ಥವಾಗಲಿಲ್ಲ. ಕೊಲೆಗೆ ಸಂಬಂಧವೇ ಇರಲಿಲ್ಲವೇನೋ. ಆದರೂ ಅದನ್ನು ತೂಗಿ ನೋಡುವ ಅವಕಾಶ ತನಿಖೆ ಮಾಡುವವನಿಗೆ ಸಿಗಬೇಕಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೊಂದು ಮಾತು: 1868ರ 'ದಿ ಮೂನ್‌ಸ್ಟೋನ್' ಕಾದಂಬರಿಯಲ್ಲಿ ಬರುವ ಕಲೆಯಾದ ನೈಟ್‌ಗೌನ್‌ನ ಮೂಲ ಇದೇ ಪ್ರಕರಣ. ಆ ಕಥೆಯ ವಜ್ರ ಕಳುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮುತ್ತಿಗೆಯಲ್ಲಿ.

ವಿಚರ್ 1864ರಲ್ಲಿ ಕೆಲಸ ಬಿಟ್ಟರು. ಮರುವರ್ಷ ಕಾನ್ಸ್ಟನ್ಸ್ ತಾನಾಗಿ ತಪ್ಪೊಪ್ಪಿಕೊಂಡಳು. ಗಲ್ಲುಶಿಕ್ಷೆ ಜೀವಾವಧಿಯಾಗಿ, 20 ವರ್ಷ ಸೆರೆಯಲ್ಲಿ ಕಳೆದಳು. ಆ ಗೌನ್ ಏನಾಯಿತೆಂದೂ ಆಗ ಹೇಳಿದಳು: ತೊಳೆದರೂ ಕಲೆ ಹೋಗದೆ, ಮಗು ಸತ್ತ ಐದಾರು ದಿನಕ್ಕೆ ಕೋಣೆಯಲ್ಲೇ ಸುಟ್ಟುಹಾಕಿದ್ದಳಂತೆ. ವಿಚರ್ ರೋಡ್‌ಗೆ ಬಂದಿಳಿದದ್ದು ಜುಲೈ ನಡುವಿನಲ್ಲಿ.