ಎಲ್ಲಕ್ಕೂ ‘ಬೇಡ’ ಅನ್ನುವ ಅಪ್ಪನಿಗೆ ಬೇಕಾಗಿರುವುದೇನು?

ಪ್ರಶ್ನೆ: ಅಪ್ಪನಿಗೆ 79. ಅಮ್ಮ ಹೋದಮೇಲೆ ಮನೆಯಲ್ಲಿ ಒಬ್ಬರೇ. ಬಚ್ಚಲಿಗೆ ಹಿಡಿಕೆ ಹಾಕಿಸೋಣ, ಕೆಲಸಕ್ಕೆ ಯಾರನ್ನಾದರೂ ಇಡೋಣ ಅಂದರೆ ಎಲ್ಲಕ್ಕೂ ‘ಬೇಡ’. ಅವರಿಗೆ ನಿಜವಾಗಿ ಏನು ಬೇಕು?

ಉತ್ತರ: ನೀವು ಬರೆದಿರುವುದು ನಿಮ್ಮ ಭಯದ ಪಟ್ಟಿ. ಭಯ ಸುಳ್ಳೇನಲ್ಲ. 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಆದರೆ ಅಪ್ಪನ ಪಟ್ಟಿಯೂ ಒಂದಿರುತ್ತದೆ, ಅದರ ಮೊದಲ ಸಾಲಿನಲ್ಲಿ ‘ಬೀಳಬಾರದು’ ಅಂತ ಇರುವುದು ಅಪರೂಪ. ತನ್ನ ಬಟ್ಟೆ ತಾನೇ ಹಾಕಿಕೊಳ್ಳಬೇಕು, ದುಡ್ಡಿನ ಲೆಕ್ಕ ತನ್ನ ಕೈಲೇ ಇರಬೇಕು, ಸಂಜೆ ಹೊರಗೆ ಹೋಗಿ ನಾಲ್ಕು ಮಾತಾಡಿ ಬರಬೇಕು, ಇಂಥವೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಆರೋಗ್ಯಕರ ಮುಪ್ಪು ಎಂದರೆ ಕಾಯಿಲೆ ಇಲ್ಲದಿರುವುದು ಅನ್ನಲಿಲ್ಲ. ತನಗೆ ಮುಖ್ಯ ಅನ್ನಿಸಿದ್ದನ್ನು ಮಾಡಿಕೊಳ್ಳುವ ಶಕ್ತಿ ಉಳಿದಿರುವುದು ಅಂದಿತು.

‘ಏನು ಬೇಕಪ್ಪಾ?’ ಎಂದು ಕೇಳಿದರೆ ‘ಏನೂ ಬೇಡ’ ಅನ್ನುತ್ತಾರೆ. ‘ಯಾವ ಕೆಲಸ ಬಿಡಬೇಕಾಗಿ ಬಂದರೆ ನಿಮಗೆ ಬೇಜಾರಾಗುತ್ತೆ?’ ಎಂದು ಕೇಳಿ ನೋಡಿ. ನನ್ನ ದೊಡ್ಡಪ್ಪ ಎರಡು ವರ್ಷ ಹಿಡಿಕೆ ಬೇಡವೆಂದೇ ಕೂತಿದ್ದರು. ಅದಿಲ್ಲದಿದ್ದರೆ ಸ್ನಾನದ ಹೊತ್ತಿಗೆ ಬಾಗಿಲ ಹತ್ತಿರ ಯಾರಾದರೂ ನಿಂತಿರಬೇಕಾಗುತ್ತದೆ ಎಂದು ಗೊತ್ತಾದ ದಿನ, ಒದ್ದೆ ಗೋಡೆಗೆ ಕೈಯಿಟ್ಟು ‘ಇಲ್ಲಿ ಹಾಕಿಸು, ಇನ್ನೂ ಒಂದು ಗೇಣು ಕೆಳಗೆ’ ಎಂದು ಅಳತೆಯನ್ನೂ ತಾವೇ ಕೊಟ್ಟರು. ಅವರಿಗೆ ಬೇಕಿದ್ದದ್ದು ಮುಚ್ಚಿದ ಬಾಗಿಲು. (ಟವೆಲ್ ಹಾಕುವ ಕಂಬಿ ಮೈಭಾರ ತಾಳುವುದಿಲ್ಲ. ಭಾರ ಹೊರಲೆಂದೇ ಮಾಡಿದ ಹಿಡಿಕೆಯನ್ನು ಗಟ್ಟಿ ಗೋಡೆಗೆ ಕೂರಿಸಬೇಕು.)

ಸ್ನಾನದಲ್ಲೇ ಜಗಳ ಶುರುವಾಗುವುದು ಆಕಸ್ಮಿಕವಲ್ಲ. ದಿನನಿತ್ಯದ ಸ್ವಾವಲಂಬನೆಯನ್ನು ಅಳೆಯಲು ವೈದ್ಯರು 1963ರಿಂದ ಬಳಸುತ್ತಿರುವ ಕಾಟ್ಜ್ ಪಟ್ಟಿಯಲ್ಲಿ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಸ್ನಾನ, ಕೊನೆಗೆ ಊಟ. ಊಟ ಸರಿಯಾಗಿ ಮಾಡುತ್ತಾರೆ ಎಂದು ಸಮಾಧಾನ ಪಟ್ಟುಕೊಂಡರೆ ಅದಕ್ಕೆ ಅರ್ಥವಿಲ್ಲ.

ಮುಂದಿನ ಸಲ ಹೋದಾಗ ಸಲಹೆ ಕೊಡಬೇಡಿ, ಸುಮ್ಮನೆ ನೋಡಿ. ಕುರ್ಚಿಯ ಕೈ ಹಿಡಿಯದೆ ಏಳುತ್ತಾರಾ? ಎದ್ದಕೂಡಲೇ ಒಂದು ಕ್ಷಣ ಗೋಡೆ ಹುಡುಕುತ್ತಾರಾ? ಹಾಗಿದ್ದರೆ ನಿಂತಾಗ ರಕ್ತದೊತ್ತಡ ಇಳಿಯುತ್ತಿರಬಹುದು. ಮಲಗಿದ್ದಾಗ ಒಮ್ಮೆ, ಎದ್ದುನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಯಿಸಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಲೇಬೇಕು. ಎಷ್ಟೋ ಸಲ ಕಾರಣ ಮಾತ್ರೆಗಳಲ್ಲೇ ಇರುತ್ತದೆ, ಹಾಗಾಗಿ ತೆಗೆದುಕೊಳ್ಳುವುದೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ರಾತ್ರಿ ಏಳಬೇಕಾಗುತ್ತದಲ್ಲ ಎಂದು ನೀರು ಕಡಿಮೆ ಮಾಡುವವರೂ ಇದ್ದಾರೆ. ಅವರಿಗೆ ಉಪದೇಶಕ್ಕಿಂತ ಮಂಚದಿಂದ ಶೌಚಾಲಯದವರೆಗೆ ಒಂದು ಸಣ್ಣ ದೀಪ ಹೆಚ್ಚು ಉಪಯೋಗ.

ಕಿವಿ ಮಂದವಾಗಿದ್ದರೆ ಪರೀಕ್ಷೆ ಮಾಡಿಸಿ. ಕೇಳಿಸದವರು ಮೆಲ್ಲನೆ ಹೊರಗೆ ಹೋಗುವುದನ್ನೇ ಬಿಡುತ್ತಾರೆ, ನಾವು ಅದನ್ನು ವಯಸ್ಸು ಅನ್ನುತ್ತೇವೆ.

ಕೆಲಸದವರ ವಿಷಯ: ಪೂರ್ತಿ ದಿನಕ್ಕೆ ಒಬ್ಬರನ್ನು ತಂದು ಕೂರಿಸಬೇಡಿ. ಭಾರ ಎತ್ತುವುದು, ಮೇಲೆ ಹತ್ತಿ ಒರೆಸುವುದು, ಇಂಥ ಒಂದೆರಡು ಕೆಲಸಕ್ಕೆ ವಾರಕ್ಕೊಮ್ಮೆ ಬರಲಿ. ಯಾರು, ಯಾವಾಗ ಎಂಬುದನ್ನು ಅಪ್ಪನೇ ಹೇಳಲಿ.

ಅವರ ‘ಬೇಡ’ಕ್ಕೆ ಒಪ್ಪಿಕೊಂಡು ಕೂರಬಾರದ ಸಂದರ್ಭಗಳೂ ಇವೆ: ಒಲೆ ಆರಿಸಲು ಮತ್ತೆಮತ್ತೆ ಮರೆಯುವುದು, ಒಂದೇ ಮಾತ್ರೆ ಎರಡೆರಡು ಸಲ ನುಂಗುವುದು, ಗೊತ್ತಿರುವ ದಾರಿ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ಹಿಡಿಕೆಯ ಚರ್ಚೆ ಆಮೇಲಿರಲಿ, ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ. ಅಲ್ಲಿ ವೈದ್ಯರು ಕೇಳಿದ್ದಕ್ಕೆ ಅಪ್ಪನೇ ಉತ್ತರ ಕೊಡಲಿ, ಬಿಟ್ಟುಹೋದದ್ದನ್ನು ಕೊನೆಗೆ ನೀವು ಸೇರಿಸಿದರಾಯಿತು.