ಪದ ಪರಿಚಯ: ಪ್ರೆಶರ್ ಕ್ಯಾನರ್

ನ್ಯೂಜೆರ್ಸಿಯಲ್ಲಿರುವ ಅಕ್ಕನ ಅಡುಗೆಮನೆಯಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇದೆ. ದಪ್ಪ ಮುಚ್ಚಳ, ಅದರ ಮೇಲೆ ಮುಳ್ಳು ತಿರುಗುವ ಮೀಟರು, ಪಕ್ಕದಲ್ಲಿ ವೇಟ್ ಇಡುವ ಕೊಳವೆ. ಮದುವೆಮನೆ ಕುಕ್ಕರ್ ಇರಬೇಕು ಅಂದುಕೊಂಡೆ. "ಕುಕ್ಕರ್ ಅಲ್ಲ ಕಣೇ, ಇದು ಕ್ಯಾನರ್. ಇದರಲ್ಲಿ ಅಡುಗೆ ಮಾಡಲ್ಲ" ಅಂದಳು ಅಕ್ಕ. ಆಗಸ್ಟ್ ತಿಂಗಳು. ಹಿತ್ತಲಲ್ಲಿ ಬೀನ್ಸ್ ಬುಟ್ಟಿಗಟ್ಟಲೆ ಬಿಟ್ಟಿತ್ತು. ಅದನ್ನು ಚಳಿಗಾಲಕ್ಕೆ ಉಳಿಸುವ ಕೆಲಸಕ್ಕೆ ಆ ಪಾತ್ರೆ ಹೊರಗೆ ಬಂದಿತ್ತು.

ಪದದಿಂದಲೇ ಶುರು ಮಾಡೋಣ. ಕ್ಯಾನ್ ಅಂದರೆ ತಗಡಿನ ಡಬ್ಬಿ. ಆಹಾರವನ್ನು ಗಾಳಿಯಾಡದ ಹಾಗೆ ಮುಚ್ಚಿ, ಬಿಸಿಯಿಂದ ಕೆಡದಂತೆ ಮಾಡಿ ಇಡುವುದಕ್ಕೆ ಕ್ಯಾನಿಂಗ್ ಎಂದು ಹೆಸರು. ಕನ್ನಡದಲ್ಲಿ ಡಬ್ಬೀಕರಣ ಎಂದು ಬರೆಯುವುದೂ ಉಂಟು. ಆದರೆ ಮನೆಯಲ್ಲಿ ಮಾಡುವವರು ಡಬ್ಬಿ ಮುಟ್ಟುವುದೇ ಇಲ್ಲ. ಅವರದು ಗಾಜಿನ ಜಾಡಿ. ಅಮೆರಿಕದಲ್ಲಿ ಜಾನ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ ತಿರುಪಿನ ಬಾಯಿಯ ಜಾಡಿಗೆ ಇವತ್ತಿಗೂ ಮೇಸನ್ ಜಾರ್ ಎಂದೇ ಹೆಸರು. ಜಾಡಿಗೆ ತುಂಬಿದರೂ ಅಲ್ಲಿಯವರ ಬಾಯಲ್ಲಿ ಅದು ಕ್ಯಾನಿಂಗೇ. ಈ ವಿದ್ಯೆ ಹುಟ್ಟಿದ್ದೂ ಗಾಜಿನಲ್ಲಿಯೇ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಬಾಟಲಿಗೆ ಆಹಾರ ತುಂಬಿ, ಬಿರಡೆ ಜಡಿದು, ಕುದಿಯುವ ನೀರಿನಲ್ಲಿಟ್ಟು ಉಳಿಸಿ ತೋರಿಸಿದ. 1810ರಲ್ಲಿ ಅವನಿಗೆ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಬಂತು. ಆಹಾರ ಯಾಕೆ ಕೆಡಲಿಲ್ಲ ಎನ್ನುವುದು ಮಾತ್ರ ಅವನಿಗೇ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯ ಲೂಯಿ ಪಾಶ್ಚರ್‌ನಿಂದ ತಿಳಿಯುವ ಹೊತ್ತಿಗೆ ಇನ್ನೂ 50 ವರ್ಷ ಕಳೆದಿತ್ತು.

ಹಾಗಾದರೆ ಕುದಿಯುವ ನೀರು ಸಾಲದೇ, ಪ್ರೆಶರ್ ಯಾಕೆ ಬೇಕು?

ನಮ್ಮ ಕಡೆ ಆಹಾರ ಉಳಿಸುವ ಬಗೆಗಳನ್ನು ನೆನಪಿಸಿಕೊಳ್ಳಿ. ಮಾವಿನ ಮಿಡಿಗೆ ಉಪ್ಪು ಮತ್ತು ಅದರದೇ ಹುಳಿ. ಹಲಸಿನ ಸೊಳೆಗೆ ಉಪ್ಪುನೀರು. ಸಂಡಿಗೆ, ಹಪ್ಪಳ, ಬಾಳಕಕ್ಕೆ ಬಿಸಿಲು. ಎಲ್ಲದರಲ್ಲೂ ಪದಾರ್ಥದ ಗುಣವನ್ನೇ ಬದಲಾಯಿಸಿಬಿಡುತ್ತೇವೆ. ಅಷ್ಟು ಉಪ್ಪಿನಲ್ಲಿ, ಅಷ್ಟು ಹುಳಿಯಲ್ಲಿ, ಅಷ್ಟು ಒಣಗಿದ್ದರಲ್ಲಿ ಕೆಡಿಸುವ ಜೀವಿಗಳು ಬದುಕು ನಡೆಸಲಾರವು. ಕ್ಯಾನರ್‌ನಿಂದ ಬಂದ ಬೀನ್ಸ್ ಹಾಗಲ್ಲ. ಅದು ಸುಮ್ನೆ ಬೇಯಿಸಿದ ಬೀನ್ಸ್ ಥರವೇ ಇರುತ್ತದೆ: ನೀರು ತುಂಬಿದ್ದು, ಹುಳಿ ಇಲ್ಲದ್ದು, ಉಪ್ಪು ರುಚಿಗಷ್ಟೇ. ಕಾಯುವವರು ಬೇರೆ ಯಾರೂ ಇಲ್ಲ. ಪೂರ್ತಿ ಕೆಲಸ ಬಿಸಿಯೇ ಮಾಡಬೇಕು.

ಆ ಬಿಸಿ ಎದುರಿಸಬೇಕಾದ ಜೀವಿಯ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಮ್. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಕಷ್ಟ ಬಂದಾಗ ಸ್ಪೋರ್ ಎಂಬ ಗಟ್ಟಿ ರೂಪ ತಾಳುತ್ತದೆ, ಒಣ ಹೊಲದಲ್ಲಿ ಬಿದ್ದ ಕಾಳು ಮಳೆಗೆ ಕಾದಂತೆ ಕಾಯುತ್ತದೆ. ಕುದಿಯುವ ನೀರಲ್ಲಿ ಗಂಟೆಗಟ್ಟಲೆ ಇಟ್ಟರೂ ಈ ಸ್ಪೋರ್ ಉಳಿಯಬಲ್ಲದು. ಅದಕ್ಕೆ ಗಾಳಿ ಆಗುವುದಿಲ್ಲ. ಗಾಳಿ ಇಲ್ಲದ, ತೇವವಿರುವ, ಹುಳಿ ಕಡಿಮೆ ಇರುವ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತದೆ. ಚೆನ್ನಾಗಿ ಮುಚ್ಚಿದ ಬೀನ್ಸ್ ಜಾಡಿ ಅಂದರೆ ಅಂಥದೇ ಜಾಗ ಅಲ್ವಾ? ಈ ವಿಷದಿಂದ ಬರುವ ಕಾಯಿಲೆಯೇ ಬಾಟುಲಿಸಂ. ಕಣ್ಣಿಗೆ ಒಂದು ಎರಡಾಗಿ ಕಾಣುತ್ತದೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಜಾಡಿಯಲ್ಲಿ ವಿಷ ಇದ್ದರೂ ವಾಸನೆ, ಬಣ್ಣ, ರುಚಿ ಬದಲಾಗದೇ ಇರಬಹುದು. ಮೂಸಿ ನೋಡಿ ಹೇಳುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಹುಳಿಯ ಗೆರೆ ಎಲ್ಲಿದೆ ಎಂದರೆ, ಹುಳಿ ಅಳೆಯುವ ಪಿಎಚ್ ಮಾಪಕದಲ್ಲಿ 4.6 (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಅದಕ್ಕಿಂತ ಹುಳಿಯಾದ ಹಣ್ಣು, ಜಾಮ್, ವಿನೆಗರ್ ಉಪ್ಪಿನಕಾಯಿಗೆ ಕುದಿಯುವ ನೀರು ಸಾಕು. ಟೊಮೆಟೊ ಗೆರೆಯ ಮೇಲೆಯೇ ನಿಂತಿದೆ, ಹಾಗಾಗಿ ನಿಂಬೆರಸ ಸೇರಿಸುತ್ತಾರೆ. ತರಕಾರಿ, ಕಾಳು, ಮಾಂಸ, ಮೀನು ಗೆರೆಯ ಆಚೆ. ಇವಕ್ಕೆ ಸುಮಾರು 116 ಡಿಗ್ರಿ ಬೇಕು. ಮುಚ್ಚಳ ತೆರೆದ ಪಾತ್ರೆಯ ನೀರು 100 ಡಿಗ್ರಿ ದಾಟುವುದಿಲ್ಲ. ಎತ್ತರದಲ್ಲಿರುವ ಬೆಂಗಳೂರಿನಲ್ಲಂತೂ ಸುಮಾರು 97ಕ್ಕೇ ಕುದಿಯುತ್ತದೆ. ಒತ್ತಡದಲ್ಲಿ ಹಿಡಿದಿಟ್ಟ ಹಬೆಯಿಂದ ಮಾತ್ರ ಆ ಬಿಸಿ ಸಾಧ್ಯ. ಹುಳಿ ಕಡಿಮೆ ಇರುವ ಆಹಾರಕ್ಕೆ ಇದೊಂದೇ ಸುರಕ್ಷಿತ ದಾರಿ ಎಂದು ಅಮೆರಿಕದ ಕೃಷಿ ಇಲಾಖೆ 1917ರಲ್ಲೇ ಹೇಳಿತು.

ಅಕ್ಕ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಜಾಡಿಗೆ ಹೆಚ್ಚಿದ ಬೀನ್ಸ್, ಒಂದು ಚಮಚ ಉಪ್ಪು, ಕುದಿಯುವ ನೀರು. ಮೇಲೆ ಒಂದು ಇಂಚು ಖಾಲಿ ಬಿಟ್ಟಳು. ಜಾಡಿಯ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಚಪ್ಪಟೆ ಮುಚ್ಚಳ ಇಟ್ಟು, ಅದರ ಮೇಲೆ ಬಳೆಯಂಥ ತಿರುಪನ್ನು ಬೆರಳ ತುದಿಯಲ್ಲೇ ಬಿಗಿ ಮಾಡಿದಳು. ಜೋರಾಗಿ ತಿರುಗಿಸಿದರೆ ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕ್ಯಾನರಿನಲ್ಲಿ ಎರಡು ಮೂರು ಇಂಚು ನೀರಷ್ಟೇ. ಜಾಡಿಗಳು ಮುಳುಗುವುದಿಲ್ಲ, ಹಬೆಯಲ್ಲಿ ನಿಲ್ಲುತ್ತವೆ.

ಮುಚ್ಚಳ ಹಾಕಿದ ಮೇಲೆ ವೇಟ್ ಇಡಲಿಲ್ಲ. ಹಬೆ ರಭಸದಿಂದ ಬರತೊಡಗಿದ ಮೇಲೂ ಪೂರ್ತಿ 10 ನಿಮಿಷ ಹಾಗೇ ಬಿಟ್ಟಳು. ನಮ್ಮಮ್ಮನೂ ಅನ್ನಕ್ಕಿಟ್ಟಾಗ "ಹಬೆ ಬಂದ ಮೇಲೆ ವೇಟ್ ಇಡು" ಅನ್ನುತ್ತಿದ್ದಳು. ಇಲ್ಲಿ ಅದು ಪ್ರಾಣದ ಪ್ರಶ್ನೆ. ಒಳಗೆ ಗಾಳಿ ಉಳಿದರೆ ಮೀಟರಿನ ಮುಳ್ಳು ಒತ್ತಡ ಸರಿಯಾಗಿದೆ ಎನ್ನುತ್ತದೆ, ಬಿಸಿ ಮಾತ್ರ ಕಡಿಮೆ ಇರುತ್ತದೆ. ಗಾಳಿ ಹಬೆಯಷ್ಟು ಬಿಸಿ ಸಾಗಿಸಲಾರದು.

ಆಮೇಲೆ ವೇಟ್ ಇಟ್ಟಳು. ಮುಳ್ಳು 11 ಪೌಂಡ್ ಒತ್ತಡ ಮುಟ್ಟಿದ ಮೇಲೆಯೇ ಗಡಿಯಾರ ನೋಡಿದ್ದು. ಸುಮಾರು ಲೀಟರ್ ಹಿಡಿಸುವ ಜಾಡಿಯ ಬೀನ್ಸಿಗೆ 25 ನಿಮಿಷ, ಅದೇ ಗಾತ್ರದ ಮಾಂಸದ ಜಾಡಿಗೆ 90. ಮಧ್ಯೆ ಮುಳ್ಳು ಇಳಿದುಬಿಟ್ಟರೆ ಉರಿ ಏರಿಸಿ ಮತ್ತೆ ಸೊನ್ನೆಯಿಂದ ಎಣಿಸಬೇಕು. ಎತ್ತರದ ಊರಲ್ಲಿ ಒತ್ತಡ ಹೆಚ್ಚಿಸಬೇಕು. ಬೆಂಗಳೂರಿನಷ್ಟು ಎತ್ತರಕ್ಕೆ ಈ ಮೀಟರಿನಲ್ಲಿ 12 ಪೌಂಡ್.

"ನಮ್ಮನೆ ಕುಕ್ಕರಿನಲ್ಲೇ ಎರಡು ವಿಷಲ್ ಜಾಸ್ತಿ ಕೂಗಿಸಿದರೆ ಆಗಲ್ವಾ?" ಎಂದು ತುಂಬ ಜನ ಕೇಳುತ್ತಾರೆ. ಆಗಲ್ಲ. ಒತ್ತಡದಲ್ಲಿ ನಮ್ಮ ಕುಕ್ಕರ್ ಕಡಿಮೆ ಏನಲ್ಲ, ಕೂಗುವಾಗ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ತೊಂದರೆ ಬೇರೆ ಕಡೆ ಇದೆ. ಚಿಕ್ಕ ಕುಕ್ಕರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕ್ಯಾನಿಂಗ್ ಪಟ್ಟಿಯ ನಿಮಿಷಗಳನ್ನು ಲೆಕ್ಕ ಹಾಕಿರುವುದು ನಿಧಾನ ಕಾದು ನಿಧಾನ ಆರುವ ದೊಡ್ಡ ಪಾತ್ರೆಗೆ, ಆ ಏರಿಳಿತದ ಹೊತ್ತಿನಲ್ಲಿ ಸಾಯುವ ಸ್ಪೋರ್‌ಗಳನ್ನೂ ಸೇರಿಸಿಕೊಂಡು. ಕನಿಷ್ಠ ನಾಲ್ಕು ದೊಡ್ಡ ಜಾಡಿ ನಿಲ್ಲುವಷ್ಟು ಇಲ್ಲದ ಪಾತ್ರೆಯನ್ನು ಕ್ಯಾನರ್ ಎಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಇನ್ನು ವಿಷಲ್ ನಿಮಿಷದ ಅಳತೆಯೇ ಅಲ್ಲ. ಉರಿ ಜೋರಿದ್ದರೆ ಬೇಗ ಬೇಗ ಕೂಗುತ್ತದೆ, ಅಷ್ಟೇ.

ಹೊರದೇಶದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು ಹೇಳಲೇಬೇಕು. ಕ್ಯಾನರ್ ಬಂತೆಂದು ಸಾಂಬಾರು, ಬಿಸಿಬೇಳೆಬಾತ್ ತುಂಬಿಸಿಡಬೇಡಿ. ಗಟ್ಟಿ ಪದಾರ್ಥದ ನಡುವಿಗೆ ಬಿಸಿ ಬಹಳ ನಿಧಾನವಾಗಿ ತಲುಪುತ್ತದೆ. ಅದೇ ಕಾರಣಕ್ಕೆ ಸಿಹಿಗುಂಬಳವನ್ನೂ ಹೋಳಾಗಿ ಮಾತ್ರ ತುಂಬಬೇಕು, ಅರೆದು ತುಂಬುವಂತಿಲ್ಲ. ಅಂಗಡಿಯಲ್ಲಿ ಪೊಟ್ಟಣದ ಬಿಸಿಬೇಳೆಬಾತ್ ಸಿಗುತ್ತದಲ್ಲ ಎಂದರೆ, ಅದನ್ನು ಕಾರ್ಖಾನೆಯ ರಿಟಾರ್ಟ್ ಯಂತ್ರದಲ್ಲಿ, ಚಪ್ಪಟೆ ಪೊಟ್ಟಣದಲ್ಲಿ, ನಡುವಿನ ಬಿಸಿ ಅಳೆದು ಮಾಡಿರುತ್ತಾರೆ. ಸೈನಿಕರ ಊಟಕ್ಕಾಗಿ ಇಂಥ ಪೊಟ್ಟಣಗಳ ಮೇಲೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ತತ್ವ ಕ್ಯಾನರಿನದೇ, ಅಳತೆ ಬೇರೆ.

25 ನಿಮಿಷ ಮುಗಿದಾಗ ಅಕ್ಕ ಒಲೆ ಆರಿಸಿ ಸುಮ್ಮನಾದಳು. ನಲ್ಲಿ ನೀರು ಬಿಟ್ಟು ಆರಿಸುವ ಹಾಗಿಲ್ಲ. ದಿಢೀರನೆ ಒತ್ತಡ ಇಳಿದರೆ ಜಾಡಿಯ ನೀರು ಉಕ್ಕಿ ಹೊರಬರುತ್ತದೆ. ಮುಳ್ಳು ಸೊನ್ನೆಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಏಳು ಜಾಡಿಗಳನ್ನು ಇಕ್ಕಳದಲ್ಲಿ ಎತ್ತಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಊಟಕ್ಕೆ ಕೂತಾಗ ಅಡುಗೆಮನೆಯಿಂದ ಟಪ್ ಅಂತ ಸದ್ದು ಬಂತು. "ಒಂದು" ಅಂದಳು. ಆರುತ್ತಾ ಆರುತ್ತಾ ಒಳಗೆ ನಿರ್ವಾತವಾಗಿ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಳ್ಳುವ ಸದ್ದು ಅದು. ಮಲಗುವ ಹೊತ್ತಿಗೆ ಆರು ಎಣಿಸಿದ್ದಳು. ಬೆಳಿಗ್ಗೆ ಒಂದೊಂದೇ ಮುಚ್ಚಳ ಬೆರಳಲ್ಲಿ ಒತ್ತಿ ನೋಡಿದೆವು. ಏಳನೆಯದು ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು. ಅದು ಫ್ರಿಜ್ಜಿಗೆ ಹೋಯಿತು. ಮಧ್ಯಾಹ್ನ ತೆಂಗಿನತುರಿ ಹಾಕಿ ಪಲ್ಯ ಮಾಡಿಕೊಂಡು ತಿಂದೆವು.