ಕೈಗುಣ ಅಲ್ಲ ಅಜ್ಜಿ, ಅದು ಮೂವತ್ತು ಸೆಕೆಂಡು

ಹೋದ ತಿಂಗಳ ಒಂದು ಸಂಜೆ, ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಹಿಂದಿನ ಓಣಿಯ ಹುಡುಗಿಯೊಬ್ಬಳು ಅಜ್ಜಿಯನ್ನು ಕರೆದುಕೊಂಡು ಬಂದಳು. ಬಿಸಿಎ ಕೊನೆಯ ಸೆಮಿಸ್ಟರ್, ಮರುದಿನವೇ ಪ್ರಾಜೆಕ್ಟ್ ವೈವಾ. ಎದೆಗೆ ಅವಚಿಕೊಂಡಿದ್ದ ಲ್ಯಾಪ್‌ಟಾಪ್ ಬೆಳಿಗ್ಗೆಯಿಂದ ಆನ್ ಆಗಿರಲಿಲ್ಲ. ಚಾರ್ಜರ್ ಚುಚ್ಚಿದರೆ ಪಕ್ಕದ ಪುಟ್ಟ ದೀಪ ಹತ್ತುತ್ತದೆ. ಗುಂಡಿ ಒತ್ತಿದರೆ ಫ್ಯಾನಿನ ಸದ್ದಿಲ್ಲ, ಪರದೆಯಲ್ಲಿ ಬೆಳಕಿಲ್ಲ. ಬ್ಯಾಟರಿ ಹಳೆಯದು, ಚಾರ್ಜರ್ ತೆಗೆದರೆ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲವಂತೆ. ಹಿಂದಿನ ರಾತ್ರಿ ಗಾಳಿಮಳೆಗೆ ಕರೆಂಟು ನಾಲ್ಕೈದು ಸಲ ಹೋಗಿ ಬಂದು ಮಾಡಿತ್ತು. ರಿಪೇರಿ ಅಂಗಡಿಯೊಂದರಲ್ಲಿ ಬಿಚ್ಚಿಯೂ ನೋಡದೆ "ಬೋರ್ಡ್ ಹೋಗೈತಿ, ಹನ್ನೆರಡು ಸಾವಿರ ಆಗ್ತೈತಿ" ಅಂದಿದ್ದರು. ಅಜ್ಜಿ ದೃಷ್ಟಿ ಆಗಿದೆ ಎಂದು ನಿಂಬೆಹಣ್ಣು ನಿವಾಳಿಸಿ, ಮುಚ್ಚಳಕ್ಕೊಂದು ಕುಂಕುಮದ ಬೊಟ್ಟು ಇಟ್ಟಿದ್ದರು.

ನಾನು ಚಾರ್ಜರ್ ಕಿತ್ತೆ. ತಳದ ಸ್ಕ್ರೂಗಳನ್ನು ಬಿಚ್ಚಿ, ಬೋರ್ಡಿಗೆ ಬ್ಯಾಟರಿ ಸೇರುವ ಬಿಳಿ ಕನೆಕ್ಟರನ್ನು ಉಗುರಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದೆ. ಆಮೇಲೆ ಆನ್ ಮಾಡುವ ಗುಂಡಿಯನ್ನು ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿದೆ. ಕನೆಕ್ಟರ್ ಮತ್ತೆ ಕೂರಿಸಿ, ಚಾರ್ಜರ್ ಹಾಕಿ ಗುಂಡಿ ಒತ್ತಿದರೆ ಫ್ಯಾನ್ ಗುಂಯ್ ಅಂತ ತಿರುಗಿತು, ಕಂಪನಿಯ ಲಾಂಛನ ಬಂತು. ಹುಡುಗಿಯ ಕಣ್ಣಲ್ಲಿ ನೀರು. ಅಜ್ಜಿ ನನ್ನ ಕೈ ಹಿಡಿದು, "ನಿನ್ನ ಕೈಗುಣ ಚಲೋ ಐತಪ್ಪಾ" ಅಂದರು.

ಅಜ್ಜಿಯ ಪ್ರೀತಿ ದೊಡ್ಡದು. ಆದರೆ ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಕೈಗುಣ ಅಂದುಬಿಟ್ಟರೆ ಅದು ನನ್ನ ಕೈಗೆ ಮಾತ್ರ ಒಲಿಯುವ ವಿದ್ಯೆ ಆಗಿಬಿಡುತ್ತದೆ. ಅಲ್ಲ, ಅದು ಆ ಹುಡುಗಿಯ ಕೈಗೂ ಒಲಿಯುತ್ತದೆ, ಅಜ್ಜಿಯ ಕೈಗೂ ಒಲಿಯುತ್ತದೆ. ಯಾಕೆ ಒಲಿಯುತ್ತದೆ ಎನ್ನುವ ಕಾರಣ ಗೊತ್ತಿರಬೇಕು, ಅಷ್ಟೇ.

ಕಾರಣ ಇಷ್ಟು: ಆಫ್ ಮಾಡಿದ ಲ್ಯಾಪ್‌ಟಾಪ್ ಆಫ್ ಆಗಿರುವುದಿಲ್ಲ. ನಾವು ಒತ್ತುವ ಗುಂಡಿ ಮನೆಯ ಗೋಡೆಯ ಸ್ವಿಚ್ಚಿನಂತೆ ಕರೆಂಟನ್ನು ಕೂಡಿಸುವುದೂ ಇಲ್ಲ, ಕಡಿಯುವುದೂ ಇಲ್ಲ. ಅದೊಂದು ಅರ್ಜಿ. ಅರ್ಜಿಯನ್ನು ಓದಿ ಮಂಜೂರು ಮಾಡಲು ಒಳಗೊಬ್ಬ ಹಗಲೂ ರಾತ್ರಿ ಎಚ್ಚರವಿರುತ್ತಾನೆ.

ಮೊದಲು ಹೀಗಿರಲಿಲ್ಲ. 1981ರಲ್ಲಿ ಐಬಿಎಂ ಕಂಪನಿ ತನ್ನ ಮೊದಲ ಪಿಸಿ ತಂದಾಗ ಅದರ ಬಲ ಪಕ್ಕದಲ್ಲಿ ಹಿಂದುಗಡೆ ದಪ್ಪನೆಯ ಕೆಂಪು ಸ್ವಿಚ್ಚಿತ್ತು. ಟಕ್ ಎಂದು ಕೆಳಗೆ ತಳ್ಳಿದರೆ ಕರೆಂಟು ಕಡಿದೇ ಹೋಗುತ್ತಿತ್ತು. ಅಲ್ಲಿ ಅರ್ಜಿ, ಮಂಜೂರಾತಿ ಏನೂ ಇರಲಿಲ್ಲ. 1984ರಲ್ಲಿ ಅದೇ ಕಂಪನಿಯ ಎಟಿ ಮಾದರಿಯಲ್ಲಿ ಕೀಬೋರ್ಡ್ ನೋಡಿಕೊಳ್ಳಲು ಇಂಟೆಲ್‌ನ 8042 ಎಂಬ ಪುಟ್ಟ ಚಿಪ್ಪು ಬಂತು. ಅದರ ಕೆಲಸ ಯಾವ ಕೀ ಒತ್ತಿದರು ಎಂದು ಹೇಳುವುದು. ಆದರೆ ಅದರ ಕಾಲೊಂದು ಖಾಲಿ ಇದ್ದದ್ದು ನೋಡಿ, ಮುಖ್ಯ ಪ್ರೊಸೆಸರನ್ನು ರೀಸೆಟ್ ಮಾಡುವ ತಂತಿಯನ್ನು ಎಂಜಿನಿಯರುಗಳು ಅದಕ್ಕೇ ಕಟ್ಟಿದರು. ಕೀಲಿಮಣೆ ಕಾಯುವವನ ಕೈಗೆ ರಾಜನನ್ನು ಎಬ್ಬಿಸುವ ಅಧಿಕಾರವೂ ಬಂತು. ಮುಂದೆ 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಹೊಸ ಪದ್ಧತಿ ತಂದಾಗ ಕೆಂಪು ಸ್ವಿಚ್ಚಿನ ಕಾಲವೂ ಮುಗಿಯಿತು. ಆಫ್ ಮಾಡಿದ ಮೇಲೂ 5 ವೋಲ್ಟಿನ ಒಂದು ಎಳೆ ಬೋರ್ಡಿನಲ್ಲಿ ಹರಿಯುತ್ತಲೇ ಇರುವುದು ಆಗ ರೂಢಿಗೆ ಬಂತು.

ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಕೀಲಿಮಣೆ ಚಿಪ್ಪಿನ ವಂಶದವನೇ ಇವತ್ತಿನ ಎಂಬೆಡೆಡ್ ಕಂಟ್ರೋಲರ್. ಉಗುರಿನಗಲದ ಚಿಪ್ಪು. ಅದಕ್ಕೆ ತನ್ನದೇ ಪ್ರೋಗ್ರಾಮಿದೆ, ತನ್ನದೇ ಸಣ್ಣ ನೆನಪಿದೆ. ವಿಂಡೋಸಿಗೂ ಲಿನಕ್ಸಿಗೂ ಅದು ಕಾಯುವುದಿಲ್ಲ. ಬ್ಯಾಟರಿ ಎಷ್ಟು ತುಂಬಿದೆ, ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು, ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ, ಚಾರ್ಜರ್ ತನ್ನದೋ ಬೇರೆಯದೋ, ಎಲ್ಲ ಅದರ ಉಸ್ತುವಾರಿ. ಗುಂಡಿಯ ತಂತಿ ಹೋಗಿ ಸೇರುವುದೂ ಅದಕ್ಕೇ.

ಗುಂಡಿ ಒತ್ತಿದಾಗ ಅದು ಮಾಡುವ ಕೆಲಸವನ್ನು ಭದ್ರಾ ನಾಲೆಯ ನೀರು ಕಂಡವರು ಬೇಗ ಹಿಡಿಯುತ್ತಾರೆ. ಅಣೆಕಟ್ಟೆಯಲ್ಲಿ ನೀರು ಬಿಟ್ಟ ಕೂಡಲೇ ಎಲ್ಲ ತೂಬುಗಳನ್ನೂ ಒಟ್ಟಿಗೆ ಎತ್ತಿದರೆ ಮೇಲಿನ ಗದ್ದೆ ಕೊಚ್ಚಿಹೋಗುತ್ತದೆ, ಕೊನೆಯ ಭಾಗದವರಿಗೆ ಹನಿಯೂ ತಲುಪುವುದಿಲ್ಲ. ಲ್ಯಾಪ್‌ಟಾಪಿನ ಬೋರ್ಡಿನಲ್ಲೂ 5 ವೋಲ್ಟು, 3.3 ವೋಲ್ಟು, ಪ್ರೊಸೆಸರಿಗೆ ಸುಮಾರು 1 ವೋಲ್ಟು, ಹೀಗೆ ಬೇರೆ ಬೇರೆ ಕಾಲುವೆಗಳಿವೆ. ಈ ಚಿಪ್ಪೆಂಬ ಕಾವಲುಗಾರ ಮೊದಲ ತೂಬು ಎತ್ತಿ, ಅಲ್ಲಿಂದ "ಪವರ್ ಸರಿಯಿದೆ" ಎಂಬ ಸಂಕೇತ ಬರುವವರೆಗೂ ಕಾದು, ಎರಡನೆಯದನ್ನು ಎತ್ತುತ್ತಾನೆ. ಬೆಣ್ಣೆ ದೋಸೆ ಹುಯ್ಯುವವರು ಕಾವಲಿಯ ಮೇಲೆ ನೀರು ಚಿಮುಕಿಸಿ, ಚುಂಯ್ ಅಂದಮೇಲೆ ಹಿಟ್ಟು ಹಾಕುತ್ತಾರಲ್ಲ, ಆ ಚುಂಯ್ ಎನ್ನುವುದೇ ಈ ಸಂಕೇತ. ಒಂದು ಕಡೆಯಿಂದಲಾದರೂ ಅದು ಬರದಿದ್ದರೆ ಕಾವಲುಗಾರ ಎಲ್ಲ ತೂಬು ಇಳಿಸಿಬಿಡುತ್ತಾನೆ. ಹೊರಗೆ ನಿಂತ ನಮಗೆ ಕಾಣುವುದು ಕಪ್ಪು ಪರದೆ.

ಇನ್ನು ಆ ರಾತ್ರಿಯ ಕರೆಂಟಿಗೆ ಬರೋಣ. ವೋಲ್ಟೇಜು ಪೂರ್ತಿ ಶೂನ್ಯಕ್ಕೆ ಇಳಿದರೆ ಚಿಪ್ಪಿಗೆ ತೊಂದರೆಯಿಲ್ಲ; ಎಲ್ಲ ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಅಪಾಯ ಇರುವುದು ಅರ್ಧಂಬರ್ಧ ಇಳಿದಾಗ. ಸಾಯುವಷ್ಟು ಕಡಿಮೆಯಲ್ಲ, ಸರಿಯಾಗಿ ಬದುಕುವಷ್ಟು ಹೆಚ್ಚೂ ಅಲ್ಲ. ಆಗ ನೆನಪಿನಲ್ಲಿದ್ದ ಸೊನ್ನೆಗಳು ಒಂದಾಗಬಹುದು, ಒಂದುಗಳು ಸೊನ್ನೆಯಾಗಬಹುದು. ಕಾವಲುಗಾರ "ಮೂರನೆಯ ತೂಬಿನ ಉತ್ತರಕ್ಕೆ ಕಾಯುತ್ತಿದ್ದೇನೆ" ಎಂಬ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತಾನೆ, ಆ ತೂಬನ್ನು ಎತ್ತಿಯೇ ಇರುವುದಿಲ್ಲ. ಬಾರದ ಉತ್ತರಕ್ಕೆ ದಿನಗಟ್ಟಲೆ ಕಾಯುತ್ತಾನೆ. ಇಲ್ಲವೇ ಅತಿ ಕರೆಂಟಿನಿಂದ ಕಾಪಾಡುವ ಸರ್ಕ್ಯೂಟು ಒಮ್ಮೆ ಬೀಗ ಹಾಕಿಕೊಂಡು, ಪೂರ್ತಿ ಕರೆಂಟು ತೆಗೆಯುವವರೆಗೂ ಬಿಡುವುದಿಲ್ಲ. ಬೋರ್‌ವೆಲ್ ಇರುವ ರೈತರಿಗೆ ಇದು ಹೊಸದಲ್ಲ. ಮೂರು ಫೇಸಿನಲ್ಲಿ ಒಂದು ಹೋದರೆ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಫೇಸ್ ಮರಳಿ ಬಂದರೂ ರೀಸೆಟ್ ಗುಂಡಿ ಒತ್ತದೆ ಮೋಟರು ಏಳುವುದಿಲ್ಲ. ಅಷ್ಟಕ್ಕೇ ಮೋಟರು ಸುಟ್ಟಿದೆ ಎಂದು ಯಾವ ರೈತರೂ ಬಾವಿಯಿಂದ ಪೈಪು ಎತ್ತಿಸುವುದಿಲ್ಲ.

ಹಾಗಾದರೆ ಬ್ಯಾಟರಿ ಕಿತ್ತರೆ ಸಾಲದೇ, ಗುಂಡಿ ಯಾಕೆ ಹಿಡಿಯಬೇಕು? ಬೋರ್ಡಿನ ತುಂಬ ಕೆಪಾಸಿಟರುಗಳಿವೆ, ಕರೆಂಟಿನ ಚೊಂಬುಗಳು. ಬೋರು ನಿಂತರೂ ಚೊಂಬಿನಲ್ಲಿ ನೀರಿರುತ್ತದೆ, ದಾರಿ ತಪ್ಪಿದ ಕಾವಲುಗಾರ ಆ ಗುಟುಕಿನಲ್ಲೇ ಜೀವ ಹಿಡಿದಿರುತ್ತಾನೆ. ಗುಂಡಿ ಒತ್ತಿ ಹಿಡಿದರೆ ಸರ್ಕ್ಯೂಟುಗಳು ಉಳಿದದ್ದನ್ನು ಕುಡಿದು ಮುಗಿಸುತ್ತವೆ. ಕೆಲವರು ಇದನ್ನು ಸ್ಟ್ಯಾಟಿಕ್ ಕರೆಂಟ್ ತೆಗೆಯುವುದು ಅನ್ನುತ್ತಾರೆ. ಬಾಚಣಿಗೆ ಉಜ್ಜಿದರೆ ಬರುವ ಸ್ಥಿರವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ. ತಳ ಬಿಚ್ಚಲು ಹೆದರುವವರು ಚಾರ್ಜರ್ ತೆಗೆದು ಗುಂಡಿಯನ್ನು ಅಷ್ಟೇ ಹೊತ್ತು ಹಿಡಿದರೂ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಕಾವಲುಗಾರ ರೀಸೆಟ್ ಆಗುತ್ತಾನೆ. ಕೆಲವು ಮಾದರಿಗಳ ತಳದಲ್ಲಿ ಇದಕ್ಕೆಂದೇ ಪಿನ್ನು ತೂರುವಷ್ಟು ತೂತೊಂದು ಇರುತ್ತದೆ. ಒಂದೇ ಎಚ್ಚರಿಕೆ: ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಅದು ಬೆಂಕಿಯ ಮಾತು.

ಕಾವಲುಗಾರ ಸರಿಯಿದ್ದೂ ಲ್ಯಾಪ್‌ಟಾಪ್ ನಡುದಾರಿಯಲ್ಲಿ ನಿಲ್ಲುವುದುಂಟು. ನನ್ನ ಮಗನಿಗೆ ಇದನ್ನು ಚಿತ್ರದುರ್ಗದ ಕೋಟೆ ಹತ್ತುತ್ತಲೇ ವಿವರಿಸಿದ್ದೆ. ಏಳು ಸುತ್ತಿನ ಕೋಟೆ, ಬಾಗಿಲಾದ ಮೇಲೆ ಬಾಗಿಲು, ಒಂದು ದಾಟದೆ ಇನ್ನೊಂದಿಲ್ಲ. ಲ್ಯಾಪ್‌ಟಾಪ್ ಏಳುವುದೂ ಹಾಗೆಯೇ. ಎಷ್ಟನೆಯ ಬಾಗಿಲಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ರಿಪೇರಿ ಆದಂತೆ. ದೀಪವೇ ಇಲ್ಲದಿದ್ದರೆ ಚಾರ್ಜರ್ ಕಡೆ ನೋಡಬೇಕು. ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಅಕ್ಷರ ಮಸುಕಾಗಿ ಕಂಡರೆ ಲ್ಯಾಪ್‌ಟಾಪ್ ಎದ್ದಿದೆ, ಪರದೆಯ ಹಿಂದಿನ ದೀಪ ಮಾತ್ರ ಹೋಗಿದೆ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಕೊಟ್ಟರೂ ಗೊತ್ತಾಗುತ್ತದೆ. ಅದೂ ಅಲ್ಲದೆ ಬೀಪ್ ಸದ್ದೋ ದೀಪದ ಮಿಣುಕೋ ಎಣಿಸಿದಂತೆ ಬರುತ್ತಿದ್ದರೆ ಅದು ಬಾಗಿಲು ಕಾಯುವವನ ಕಹಳೆ: ಬಹಳ ಸಲ ರ‍್ಯಾಮ್, ಅಂದರೆ ಕೆಲಸದ ಹೊತ್ತಿನ ನೆನಪಿನ ಪಟ್ಟಿ, ಸಡಿಲವಾಗಿದೆ ಎಂದರ್ಥ. ತೆಗೆದು, ಚಿನ್ನದ ಬಣ್ಣದ ಅಂಚನ್ನು ಒರೆಸಿ, ಟಕ್ ಅನ್ನುವಂತೆ ಕೂರಿಸಬೇಕು.

ರ‍್ಯಾಮಿನ ಬಾಗಿಲು ನನಗೆ ಬಹಳ ಇಷ್ಟ. ಪ್ರೊಸೆಸರ್ ಕಣ್ಣು ಬಿಟ್ಟ ಮೊದಲ ಗಳಿಗೆಯಲ್ಲಿ ಅದಕ್ಕೆ ರ‍್ಯಾಮೇ ಇರುವುದಿಲ್ಲ! ರ‍್ಯಾಮನ್ನು ಕೆಲಸಕ್ಕೆ ಹಚ್ಚುವ ಪ್ರೋಗ್ರಾಮ್ ಓಡಬೇಕಾದರೆ ರ‍್ಯಾಮ್ ಬೇಕು, ರ‍್ಯಾಮ್ ಬೇಕಾದರೆ ಆ ಪ್ರೋಗ್ರಾಮ್ ಓಡಬೇಕು. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಇದ್ದಂತೆ. ಹಾಗಾಗಿ ಪ್ರೊಸೆಸರ್ ತನ್ನೊಳಗಿನ ಕ್ಯಾಶ್ ಎಂಬ ಚಿಕ್ಕ ನೆನಪನ್ನೇ ರ‍್ಯಾಮಿನಂತೆ ಬಳಸಿಕೊಂಡು, ನಿಜವಾದ ರ‍್ಯಾಮಿಗೆ ತಾಳ ಕಲಿಸುತ್ತದೆ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಮೊದಲ ಸಲ ಈ ಪಾಠಕ್ಕೆ ಕೆಲವು ನಿಮಿಷ ಹಿಡಿಯುವುದುಂಟು, ಅಷ್ಟು ಹೊತ್ತೂ ಪರದೆ ಕಪ್ಪು. ಹೆದರಿ ನಡುವೆ ಆಫ್ ಮಾಡಬೇಡಿ.

ಬೂಟ್ ಎಂಬ ಮಾತು ಹುಟ್ಟಿದ್ದೇ ಇಂಥ ಬಿಕ್ಕಟ್ಟಿನಿಂದ. ತನ್ನ ಬೂಟಿನ ಪಟ್ಟಿ ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟು ಅದರ ಮೂಲ. ತನ್ನ ಹೆಗಲ ಮೇಲೆ ತಾನೇ ಹತ್ತಿ ಕೂರುವ ಕೆಲಸ. 1975ರಲ್ಲಿ ಮೈಕ್ರೋಸಾಫ್ಟಿನ ಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ತಾವು ಬರೆದ ಬೇಸಿಕ್ ಭಾಷೆಯ ಪ್ರೋಗ್ರಾಮನ್ನು ಆಲ್ಟೇರ್ ಕಂಪ್ಯೂಟರಿನಲ್ಲಿ ತೋರಿಸಲು ವಿಮಾನದಲ್ಲಿ ಅಮೆರಿಕದ ಆಲ್ಬಕರ್ಕಿಗೆ ಹೊರಟಿದ್ದರು. ವಿಮಾನ ಇಳಿಯುವ ಹೊತ್ತಿಗೆ ನೆನಪಾಯಿತು: ಬೇಸಿಕ್ಕನ್ನು ಒಳಗೆ ತುಂಬಿಸುವ ಬೂಟ್ ಪ್ರೋಗ್ರಾಮನ್ನೇ ಬರೆದಿಲ್ಲ! ಕೂತಲ್ಲೇ ಕಾಗದದ ಮೇಲೆ ಬರೆದರು, ಆಮೇಲೆ ಯಂತ್ರದ ಮುಂದಿನ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡುತ್ತಾ ಅದನ್ನು ಒಳಗೆ ಹಾಕಿದರು. ಆ ಸ್ವಿಚ್ಚಿನ ಕೆಲಸವನ್ನೇ ಇವತ್ತು ಬೋರ್ಡಿನ ಮೇಲೆ ಯುಇಎಫ್ಐ ಎಂಬ ಆರಂಭದ ಪ್ರೋಗ್ರಾಮ್ ಇರುವ ಚಿಪ್ಪು ಮಾಡುತ್ತದೆ.

ಲಾಂಛನ ಬಂದು, ಚುಕ್ಕೆಗಳು ಸುತ್ತುತ್ತಾ ನಿಂತುಬಿಟ್ಟರೆ ಬೋರ್ಡು ಸರಿಯಿದೆ ಎಂದು ನೆಮ್ಮದಿಯಾಗಿರಿ. ತೊಂದರೆ ಸಾಮಾನ್ಯವಾಗಿ ಡಿಸ್ಕಿನಲ್ಲೋ ವಿಂಡೋಸಿನಲ್ಲೋ ಇರುತ್ತದೆ. 2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತದ್ದು ಈ ಬಾಗಿಲಲ್ಲೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷದ ಫೈಲು ಸಾಕಾಯಿತು. ತೀರಾ ಅಗತ್ಯದ್ದನ್ನಷ್ಟೇ ಇಟ್ಟುಕೊಂಡು ವಿಂಡೋಸ್ ಏಳುವ ಸೇಫ್ ಮೋಡಿಗೆ ಹೋಗಿ ಆ ಫೈಲು ಅಳಿಸಿದರೆ ಯಂತ್ರ ಏಳುತ್ತಿತ್ತು.

ಇಲ್ಲೇ ಇನ್ನೊಂದು ಸುಳ್ಳು ಆಫ್ ಇದೆ. 2012ರ ವಿಂಡೋಸ್ 8ರಿಂದೀಚೆಗೆ ಶಟ್‌ಡೌನ್ ಕೊಟ್ಟರೆ ಸಾಮಾನ್ಯವಾಗಿ ವಿಂಡೋಸಿನ ತಿರುಳು ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಬೇಗ ಏಳಲಿ ಎಂದು. ಬಿಡಿಭಾಗ ನಡೆಸುವ ಡ್ರೈವರ್ ಪ್ರೋಗ್ರಾಮೊಂದು ಕೆಟ್ಟು ಕೂತಿದ್ದರೆ ಮರುದಿನವೂ ಅದೇ ಕೆಟ್ಟ ಸ್ಥಿತಿಯಲ್ಲಿ ಏಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಮರೆತು ಹೊಸದಾಗಿ ಶುರುವಾಗುತ್ತದೆ. ದಿನಾ ಶಟ್‌ಡೌನ್ ಮಾಡಿದರೂ ಸ್ಲೋ ಎಂದು ದೂರುವವರು ಇದನ್ನೊಮ್ಮೆ ಮಾಡಿ ನೋಡಬೇಕು.

"ಫಾರ್ಮ್ಯಾಟ್ ಹೊಡೀತೀನಿ ಬಿಡ್ರಿ" ಎಂಬ ಮಾತು ಕೇಳಿದರೆ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ. ವಿಂಡೋಸ್ ಏಳದಿದ್ದರೂ ಮದುವೆಯ ಫೋಟೊ, ಮಕ್ಕಳ ಪ್ರಾಜೆಕ್ಟು ಬಹಳ ಸಲ ಡಿಸ್ಕಿನಲ್ಲಿ ಭದ್ರವಾಗಿರುತ್ತವೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆಗೆದುಕೊಳ್ಳಬಹುದು. ಅದಕ್ಕೆ ಮೊದಲು, ಡಿಸ್ಕಿಗೆ ವಿಂಡೋಸ್ ಹಾಕುವ ಬಿಟ್‌ಲಾಕರ್ ಬೀಗದ 48 ಅಂಕಿಯ ಸಂಖ್ಯೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆಯೇ ಎಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಯಾರಾದರೂ ಬಯೋಸ್, ಅಂದರೆ ಆ ಆರಂಭದ ಪ್ರೋಗ್ರಾಮಿನ ಸೆಟ್ಟಿಂಗ್ ಬದಲಿಸಿದರೂ ಅದು ಆ ಸಂಖ್ಯೆ ಕೇಳಬಹುದು.

ನಿಂಬೆಹಣ್ಣಿನ ಮಾತನ್ನು ಅಜ್ಜಿಗೆ ಅವತ್ತೇ ಹೇಳಿದೆ. ನಿಂಬೆರಸ ಹುಳಿ, ಕರೆಂಟು ಹರಿಸುತ್ತದೆ, ತಾಮ್ರವನ್ನು ತಿನ್ನುತ್ತದೆ. ಆಯುಧಪೂಜೆಗೆ ಕುಂಕುಮ, ವಿಭೂತಿ ಇಡುವುದಾದರೆ ಮುಚ್ಚಿದ ಮುಚ್ಚಳದ ಮೇಲೆ ಇಡಿ, ಗಾಳಿಕಿಂಡಿಯ ಹತ್ತಿರ ಬೇಡ. ಆ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ಕೆಂಪು ಪುಡಿ ಸೇರಿ ಉಂಡೆಗಟ್ಟಿದ್ದ ಧೂಳನ್ನು ಬ್ರಷ್ಷಿನಿಂದ ತೆಗೆದು ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. "ಇದು ಉಸಿರು ಕಟ್ಟಿಸ್ತೈತಿ ಅನ್ನು" ಅಂದರು. ಹೌದು ಅಜ್ಜಿ ಅಂದೆ.

ಅಷ್ಟರಲ್ಲಿ ಹುಡುಗಿ, "ಅಂಕಲ್, ಬ್ಯಾಟರಿ ತೆಗೆದಿದ್ರಿ, ಟೈಮ್ ಹೆಂಗೆ ಕರೆಕ್ಟ್ ಐತೆ?" ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ತಳ ಇನ್ನೂ ಮುಚ್ಚಿರಲಿಲ್ಲ. ನಾಣ್ಯದಷ್ಟು ದೊಡ್ಡ ಸಿಆರ್2032 ಸೆಲ್ಲನ್ನು ತೋರಿಸಿದೆ. ಗಡಿಯಾರಕ್ಕೆ ಅದೊಂದೇ ಸಾಕು. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳೊಂದು ಆ 3 ವೋಲ್ಟಿನಲ್ಲೇ ವರ್ಷಗಟ್ಟಲೆ ಎಣಿಸುತ್ತಿರುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ಅವಳು ಮೊಬೈಲ್ ತೆಗೆದು ಗುಣಿಸಿ ನೋಡತೊಡಗಿದಳು. ನಾನು ಮಲ್ಟಿಮೀಟರಿನ ಮುಳ್ಳುಗಳನ್ನು ಅವಳ ಕೈಗೆ ಕೊಟ್ಟು, ಕೆಂಪು ಸೆಲ್ಲಿನ ಮೇಲೆ, ಕಪ್ಪು ಅದರ ಅಡಿಗೆ ತಾಗುವ ಲೋಹದ ಪಟ್ಟಿಗೆ ಅಂದೆ. 2.9 ಎಂದು ಅವಳೇ ಓದಿ ಹೇಳಿದಳು.